ನಕಲಿ ಕಂಠಕ್ಕೆ ಹೌಸ್‌ಫುಲ್

ಜೂನ್ 27 ಬಂತೆಂದರೆ ಆರ್.ಡಿ. ಬರ್ಮನ್. ಜುಲೈ 31ಕ್ಕೆ ರಫಿ, ಆಗಸ್ಟ್ 4ಕ್ಕೆ ಕಿಶೋರ್, ಸೆಪ್ಟೆಂಬರ್ 28ಕ್ಕೆ ಲತಾ. ತಿಲಕ್ ಸ್ಮಾರಕ, ಭರತ ನಾಟ್ಯ ಮಂದಿರಗಳಿರುವ ಪುಣೆಯ ನಮ್ಮ ಸದಾಶಿವ ಪೇಠದಲ್ಲಿ ಪಂಚಾಂಗವೇ ಬೇಡ. ಯಾರ ಜಯಂತಿ, ಯಾರ ಪುಣ್ಯತಿಥಿ ಎಂಬುದನ್ನು ಅವರ ಹಾಡುಗಳನ್ನೇ ಮತ್ತೆ ಹಾಡಿ ನಮಿಸುವ 'ಸ್ವರಾಂಜಲಿ' ಕಾರ್ಯಕ್ರಮಗಳ ಫ್ಲೆಕ್ಸುಗಳೇ ಹೇಳುತ್ತವೆ.

ಈ ಸ್ವರಾಂಜಲಿಗಳಿಂದಲೇ ಲೈವ್ ಸಂಗೀತ ಉಳಿದಿದೆಯಂತೆ, ವಾದ್ಯದವರ ಮನೆಯಲ್ಲಿ ಒಲೆ ಉರಿಯುತ್ತಿದೆಯಂತೆ! ಯಾವ ವಾದ್ಯದವರು ಸ್ವಾಮಿ? ಮೂಲ ಹಾಡಿಗೆ ಸಾಲಾಗಿ ಕೂತು ಪಿಟೀಲು ನುಡಿಸಿದವರ ಕೆಲಸವನ್ನೆಲ್ಲ ಈಗ ಒಂದು ಕೀಬೋರ್ಡ್ ನುಂಗಿದೆ. ಢೋಲಕ್ ಇದ್ದಲ್ಲಿ ಆಕ್ಟೋಪ್ಯಾಡ್. ಅದೂ ದುಬಾರಿಯಾದರೆ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್. ಗಾಯಕ ಮಫ್ಲರ್ ಸುತ್ತಿಕೊಂಡು ಯೂಡ್ಲಿಂಗ್ ಮಾಡುತ್ತಾನೆ, ನಿರೂಪಕ ಸಭೆಗೆ ಬಾಯಿಪಾಠವಾಗಿರುವ ಅದೇ ಪ್ರಸಂಗ ಒದರುತ್ತಾನೆ, ಮುಂದಿನ ಸಾಲಿನಿಂದ 'ವನ್ಸ್ ಮೋರ್' ಏಳುತ್ತದೆ. ಪಾಪ, ಆ ಗಾಯಕ ಮೂಲದಲ್ಲಿಲ್ಲದ ಒಂದೇ ಒಂದು ಹರಕತ್ ತೆಗೆದನೋ, ಇಂಟರ್ವಲ್‌ನಲ್ಲಿ ಬಟಾಟೆ ವಡೆ ತಿನ್ನುತ್ತಲೇ ಅವನ ತಿಥಿ ಮಾಡುತ್ತಾರೆ.

ಸ್ವಂತ ಹಾಡು ಕಟ್ಟಿದವನೂ ಅದೇ ಸಭಾಗೃಹಕ್ಕೆ ಅಷ್ಟೇ ಬಾಡಿಗೆ ತೆರಬೇಕು. ಅವನನ್ನು ಕೇಳಲು ಬರುವವರು ಅತ್ತೆ, ಮಾವ ಮತ್ತು ಕಾಲೇಜಿನ ಗೆಳೆಯರು.

ಸತ್ತವರನ್ನು ಗೌರವಿಸುವುದು ಹೇಗೆಂದು ಈ ಊರಿಗೆ ಕಲಿಸಿದವರು ಉತ್ತರ ಕರ್ನಾಟಕದಿಂದ ಬಂದ ಭೀಮಸೇನ ಜೋಶಿ. ಗುರು ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು, ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಅದು ಗುರುವಿನ ದನಿ ಅಣಕಿಸುವ ಜಾತ್ರೆಯಾಗಲಿಲ್ಲ. ಬಂದವರು ತಂತಮ್ಮ ಘರಾಣೆಯನ್ನು ತಂತಮ್ಮ ಗಂಟಲಲ್ಲೇ ಹಾಡಿದರು. ಇದಕ್ಕೆ ನಮ್ಮ ಸ್ವರಾಂಜಲಿ ಶೂರರು ಏನೆನ್ನುತ್ತಾರೆ?

ಬೆಳಗಾವಿ ಸೀಮೆಯ ಸುಳೇಭಾವಿಯ ಕುಮಾರ ಗಂಧರ್ವರು ಬಾಲ್ಯದಲ್ಲಿ ದೊಡ್ಡವರ ಗ್ರಾಮಫೋನ್ ತಟ್ಟೆಗಳನ್ನು ಯಥಾವತ್ತಾಗಿ ಹಾಡಿ ಸಭೆಗಳನ್ನು ದಂಗುಬಡಿಸಿದವರು. ಅಲ್ಲಿಗೇ ನಿಂತಿದ್ದರೆ ಇವತ್ತು ಅವರನ್ನು ಯಾರು ಕೇಳುತ್ತಿದ್ದರು? ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟ್ಯಗೀತೆಗಳನ್ನು ಎತ್ತಿಕೊಂಡಾಗಲೂ ಅವನ್ನು ತಮಗೆ ತಿಳಿದಂತೆ ಹಾಡಿದರೇ ಹೊರತು ಬಾಲಗಂಧರ್ವರಾಗಲು ಹೋಗಲಿಲ್ಲ. ಅದಕ್ಕೆ ಎದೆ ಬೇಕು. ಮಫ್ಲರ್ ಸಾಲದು.

ಮರಾಠಿಗರನ್ನಷ್ಟೇ ಏಕೆ ಬಯ್ಯಬೇಕು, ನಾವು ಹೊರನಾಡ ಕನ್ನಡಿಗರೇನು ಕಡಿಮೆಯೇ? ರಾಜ್ಯೋತ್ಸವಕ್ಕೆ ಊರಿನಿಂದ ಯಾರನ್ನು ಕರೆಸೋಣ ಎಂದರೆ ಮೊದಲು ಬರುವ ಹೆಸರು ಜೂನಿಯರ್ ರಾಜ್‌ಕುಮಾರ್, ಅವರು ಸಿಗದಿದ್ದರೆ ಜೂನಿಯರ್ ವಿಷ್ಣುವರ್ಧನ್. ಹೊಸ ಭಾವಗೀತೆಗೆ ರಾಗ ಹಾಕಿಕೊಂಡು ಬಂದ ಹುಡುಗಿಗೆ ಮಾತ್ರ, "ಬೇಗ ಮುಗಿಸಮ್ಮ, ಊಟಕ್ಕೆ ಹೊತ್ತಾಯ್ತು." ಮೊಮ್ಮಕ್ಕಳಿಗೆ ಕನ್ನಡ ಬರೋದಿಲ್ಲ ಅಂತ ಆಮೇಲೆ ಗೋಳಾಡುವವರೂ ನಾವೇ. ಹಳೆಯ ಸಿನಿಮಾ ಡೈಲಾಗ್ ಬಿಟ್ಟು ಆ ಮಕ್ಕಳಿಗೆ ನಾವು ಕೇಳಿಸಿದ್ದಾದರೂ ಏನು?

ಸಂಘಟಕರೇ, ಸ್ವರಾಂಜಲಿಯನ್ನು ನಿಲ್ಲಿಸಿ ಎಂದರೆ ನೀವು ನಿಲ್ಲಿಸುವವರಲ್ಲ. ಇಂಟರ್ವಲ್‌ಗೆ ಮುಂಚಿನ ಅರ್ಧ ಗಂಟೆಯನ್ನಾದರೂ ಬದುಕಿರುವ ಸಂಗೀತಗಾರನ ಸ್ವಂತ ಹಾಡಿಗೆ ಬಿಡಿ. ಇಂಟರ್ವಲ್ ಆದಮೇಲೆ ಕೊಟ್ಟರೆ ಜನ ಮನೆಗೆ ಹೊರಡುತ್ತಾರೆ, ಅದು ನಿಮಗೂ ಗೊತ್ತು. ಅವನ ಹೆಸರನ್ನೂ ಜಾಹೀರಾತಿನಲ್ಲಿ ಹಾಕಿ, ದುಡ್ಡನ್ನೂ ಕೊಡಿ.