ಕಿಟಕಿಗೆ ಕಳೆಯುವುದೆಷ್ಟು?

ಇಂದಿರಾನಗರದಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ 40 ಕಿಟಕಿಗಳು. ರೆವಿಟ್‌ನಂಥ ತಂತ್ರಾಂಶದಲ್ಲಿ ಕಟ್ಟಡದ ಮಾಡೆಲ್ ಮಾಡುವಾಗ ಗೋಡೆ ಎಬ್ಬಿಸಿ ಕಿಟಕಿ ಕೂರಿಸಿದ ಕೂಡಲೇ ಗೋಡೆಯ ವಿಸ್ತೀರ್ಣದಿಂದ ಅಷ್ಟು ಜಾಗ ತಾನಾಗಿ ಕಳೆದುಹೋಗುತ್ತದೆ. ಪ್ಲಾಸ್ಟರಿಂಗ್ ಎರಡೂ ಬದಿಗೆ ಬೇಕು. ಆ ವಿಸ್ತೀರ್ಣವನ್ನು ಎರಡರಿಂದ ಗುಣಿಸಿದರೆ ಒಂದೊಂದು ಕಿಟಕಿಗೆ 3.6 ಚದರ ಮೀಟರ್ ಕಡಿತ.

ನಮ್ಮ ಅಳತೆಯ ಸಂಹಿತೆ ಐಎಸ್ 1200ರ ಲೆಕ್ಕವೇ ಬೇರೆ. ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಕಡಿತವಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ ಒಂದು ಬದಿಯಷ್ಟೇ ಕಳೆಯಬೇಕು. ಕಿಟಕಿಯ ಒಳಮಗ್ಗುಲುಗಳ ಕೆಲಸಕ್ಕೆ ಬೇರೆ ದುಡ್ಡಿಲ್ಲ, ಅದು ಇದರಲ್ಲೇ ವಜಾ. ಹಾಗಾಗಿ ಕಡಿತ 1.8 ಮಾತ್ರ. 40 ಕಿಟಕಿಗೆ 72 ಚದರ ಮೀಟರ್ ಅಂತರ. ಆ ಒಳಮಗ್ಗುಲುಗಳ ಮೂಲೆಗಳನ್ನು ತಿದ್ದಿ ನೇರ ಮಾಡುವ ಗಾರೆ ಮೇಸ್ತ್ರಿಯ ಕೂಲಿ ಇರುವುದು ಈ ಅಂತರದಲ್ಲೇ.

ಇಷ್ಟಕ್ಕೇ ಮಾಡೆಲ್ ಬೇಡ ಅನ್ನುವುದು ಅನ್ಯಾಯ. ನಂಬರು, ಉದ್ದ, ಅಗಲ, ಎತ್ತರ ಎಂದು ಗೆರೆ ಹಾಕಿ ಕೈಯಲ್ಲೇ ಕ್ವಾಂಟಿಟಿ ತೆಗೆದವರಿಗೆ ಗೊತ್ತು: ಮಾಲೀಕರು ಒಂದು ಗೋಡೆಯನ್ನು ಒಂದಡಿ ಸರಿಸಿದರೂ ಎಷ್ಟು ಹಾಳೆ ತಿದ್ದಬೇಕು, ಎಷ್ಟು ಮರೆತುಹೋಗುತ್ತವೆ. ಮಾಡೆಲ್‌ನಲ್ಲಿ ಅದು ನಿಮಿಷಗಳ ಕೆಲಸ. ಬಾಗಿಲು ಹನ್ನೆರಡು ಎಂದು ಬಂದರೆ ಆ ಹನ್ನೆರಡೂ ಎಲ್ಲೆಲ್ಲಿವೆ ಎಂದು ತೋರಿಸುತ್ತದೆ. ಐಟಂಗೊಂದು ದರ ಹಾಕುವ ಐಟಂ ರೇಟ್ ಟೆಂಡರ್‌ನಲ್ಲಿ ಇದು ಸಣ್ಣ ಮಾತಲ್ಲ. ಯಾವ ಐಟಂನ ಪರಿಮಾಣ ಕಡಿಮೆ ಬಿದ್ದಿದೆ ಎಂದು ಮೊದಲೇ ಪತ್ತೆ ಹಚ್ಚಿದ ಗುತ್ತಿಗೆದಾರ ಅಲ್ಲೇ ದರ ಏರಿಸಿ, ಉಳಿದ ಕಡೆ ಇಳಿಸಿ ಕೆಲಸ ಗೆಲ್ಲಬಹುದು. ಆಮೇಲೆ ಹೊರೆ ಬೀಳುವುದು ಸಾರ್ವಜನಿಕರ ಹಣದ ಮೇಲೆ. ನಾಗಪುರ ಮೆಟ್ರೊ ಮಾಡೆಲ್‌ಗೆ ಕಾಲ, ವೆಚ್ಚ ಎರಡನ್ನೂ ಜೋಡಿಸಿದ್ದು ಸುಮ್ಮನೆ ಅಲ್ಲ.

ಆದರೆ ಬರೆಯದೇ ಇದ್ದದ್ದನ್ನು ಮಾಡೆಲ್ ಎಣಿಸುವುದಿಲ್ಲ. ಕಾಂಕ್ರೀಟಿಗೆ ಅಚ್ಚಾಗಿ ಕಟ್ಟುವ ಸೆಂಟ್ರಿಂಗ್ ಬಹಳಷ್ಟು ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ನೆಲದ ವಿಷಯವಂತೂ ಇನ್ನೂ ಕಷ್ಟ. ಹಲಸೂರಿನಲ್ಲಿ ನೆಲಮಾಳಿಗೆಗೆ ಎಷ್ಟು ಘನ ಮೀಟರ್ ಅಗೆಯಬೇಕೆಂದು ಅದು ಹೇಳೀತು. ಅದರಲ್ಲಿ ಮಣ್ಣೆಷ್ಟು, ಗಟ್ಟಿ ಬಂಡೆ ಎಷ್ಟು ಎನ್ನುವುದು ಅಗೆದ ಮೇಲೆಯೇ ಖಚಿತ. ಬಂಡೆಯ ದರ ಬೇರೆ. ದಂಡು ಪ್ರದೇಶದಿಂದ ಶಿವಾಜಿನಗರಕ್ಕೆ ನಮ್ಮ ಮೆಟ್ರೊ ಸುರಂಗ ಕೊರೆದ ಊರ್ಜಾ ಯಂತ್ರ ಒಂದು ಕಿಲೋಮೀಟರಿಗೂ ಕಡಿಮೆ ದಾರಿ ದಾಟಲು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡು 2021ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಸುರಂಗದ ಗಾತ್ರ ಮೊದಲ ದಿನವೇ ಗೊತ್ತಿತ್ತು; ಒಳಗಿನ ನೆಲ ಹೇಗಿದೆ ಎನ್ನುವುದಲ್ಲ.

ದಂಡಿನ, ಕಿಟಕಿಯ ಮೇಲೆ ಮರದ ಮೊನಚು ಹೊದಿಕೆಯ ಹಳೆಯ ಮಂಕಿಟಾಪ್ ಬಂಗಲೆಗಳ ದುರಸ್ತಿಯಲ್ಲೂ ಹಾಗೇ. ಲೇಸರ್ ಸ್ಕ್ಯಾನ್ ಗೋಡೆಯ ವಾಲಿಕೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿಯುತ್ತದೆ. ಒಳಗಿರುವುದು ಸುಣ್ಣವೋ ಮಣ್ಣೋ ಎಂದು ತಿಳಿಯಲು ಒಂದು ಕಡೆ ಕೆತ್ತಿಯೇ ನೋಡಬೇಕು.

ಹೊಸ ಕಟ್ಟಡದ ಕಾಂಕ್ರೀಟು, ಬಾಗಿಲು, ಕಿಟಕಿ, ಟೈಲ್ಸ್‌ಗೆ ನಾನು ಮಾಡೆಲನ್ನೇ ನಂಬುತ್ತೇನೆ. ಅಗೆತಕ್ಕೂ ದುರಸ್ತಿಗೂ ಟೇಪು ಹಿಡಿದು ಬರೆದ ಅಳತೆ ಪುಸ್ತಕವೇ ಬೇಕು. ಪ್ಲಾಸ್ಟರಿಂಗ್‌ನಂಥ ನಡುವಿನವಕ್ಕೆ, ಪಟ್ಟಿಯಲ್ಲಿರುವುದು ಮಾಡೆಲ್‌ನ ನಿವ್ವಳ ಅಳತೆಯೋ ಐಎಸ್ 1200ರ ಅಳತೆಯೋ ಎಂದು ಟೆಂಡರ್ ಪತ್ರದಲ್ಲೇ ಒಂದು ಸಾಲು ಬರೆದಿರಬೇಕು. ದರ ಹಾಕುವವನಿಗೆ ಅದು ಮೊದಲೇ ಗೊತ್ತಿದ್ದರೆ ಆ 72 ಚದರ ಮೀಟರನ್ನು ಅವನು ದರದಲ್ಲೇ ಸೇರಿಸಿಕೊಳ್ಳುತ್ತಾನೆ.