ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಗಾದೆಯ ಮಾತು ವೇದಕ್ಕೆ ಸಮಾನವೆಂದು ಹಿರಿಯರು ಹೇಳುತ್ತಾರೆ. ಆದರೆ ಈ ಒಂದು ಗಾದೆಯನ್ನು ನಂಬಿ, ಅಪಾರ ಹಣವನ್ನು ಪಣಕ್ಕಿಟ್ಟು, ಮತ್ತೆ ಮತ್ತೆ ಏಮಾರುವ ಲೋಕವೊಂದಿದೆ. ಅದು ಉತ್ತರ ಅಮೆರಿಕದ ಐಸ್ ಹಾಕಿಯ ಲೋಕ. ಅಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಮುಂದೆ ಎಂತಹ ರಕ್ಷಣಾ ಆಟಗಾರನಾಗುವನೆಂಬುದನ್ನು ಇಂದೇ ಹೇಳಿಬಿಡುವ ಪಂಡಿತರಿದ್ದಾರೆ. ಅವರ ಪಾಂಡಿತ್ಯದಲ್ಲಿ ನನಗೆ ಗೌರವವಿದೆ. ಅವರ ಅವಸರದಲ್ಲಿ ಇಲ್ಲ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಹಸಿರು ಮೈದಾನ. ಕೆನಡಾದವರಿಗಾದರೋ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟವೇ. ಅಂಗಳದ ಉದ್ದ 200 ಅಡಿ, ಅಗಲ 85 ಅಡಿ. ಸುತ್ತಲೂ ಹಲಗೆಯ ಗೋಡೆ. ಚೆಂಡಿನ ಬದಲು ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದರ ಹೆಸರು ಪಕ್. ಗೋಲುರಕ್ಷಕನನ್ನು ಬಿಟ್ಟರೆ ಒಂದು ತಂಡದಿಂದ ಏಕಕಾಲಕ್ಕೆ ಅಂಗಳದಲ್ಲಿರುವವರು ಐವರು. ಮೂವರು ಮುಂದೆ ನಿಂತು ದಾಳಿ ನಡೆಸುವವರು, ಇಬ್ಬರು ಹಿಂದೆ ನಿಂತು ಕಾಯುವವರು. ಕಾಲಿಗೆ ಸ್ಕೇಟು ಕಟ್ಟಿದ ಇವರೆಲ್ಲರೂ ಸುಮಾರು ಮುಕ್ಕಾಲು ನಿಮಿಷ ಮೈಮುರಿಯುವಂತೆ ಆಡಿ, ಸರದಿಯ ಮೇಲೆ ಬೆಂಚಿಗೆ ಹಿಂದಿರುಗುತ್ತಾರೆ.

ಕಾಯುವವರ ಕೆಲಸ ಎಷ್ಟು ಕಷ್ಟವೆಂಬುದು ದೂರದಿಂದ ನೋಡಿದರೆ ತಿಳಿಯುವುದಿಲ್ಲ. ಎದುರಾಳಿಯು ಪಕ್ಕನ್ನು ನಮ್ಮ ಹುಡುಗನ ಹಿಂದಿನ ಮೂಲೆಗೆ ಎಸೆದನೆನ್ನಿ. ಅದನ್ನು ತರಲು ಆತ ತಿರುಗಿ ಧಾವಿಸಬೇಕು. ಅವನ ಮುಖ ಗೋಡೆಯ ಕಡೆಗೆ, ಬೆನ್ನು ಎದುರಾಳಿಯ ಕಡೆಗೆ. ಇನ್ನೂರು ಪೌಂಡು ತೂಗುವ ಆಳೊಬ್ಬನು ಅವನನ್ನು ಗೋಡೆಗೆ ಒತ್ತಿಬಿಡಲು ಹಿಂದಿನಿಂದ ನುಗ್ಗಿಬರುತ್ತಿದ್ದಾನೆ. ಹೆಗಲ ಮೇಲಿಂದ ಒಮ್ಮೆ ಹಿಂದಿರುಗಿ ನೋಡಲು ಮಾತ್ರ ಸಮಯವುಂಟು. ಅಷ್ಟರಲ್ಲಿಯೇ ಅವನು ಎಡಕ್ಕೋ ಬಲಕ್ಕೋ, ಜೊತೆಗಾರನಿಗೋ ನಡುವೆ ನಿಂತವನಿಗೋ, ಪಕ್ಕನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ನಿರ್ಧರಿಸಬೇಕು. ಸರಿಯಾಗಿ ಒಪ್ಪಿಸಿದರೆ ಪ್ರೇಕ್ಷಕರಲ್ಲಿ ಒಬ್ಬನೂ ಚಪ್ಪಾಳೆ ತಟ್ಟುವುದಿಲ್ಲ, ಏಕೆಂದರೆ ಏನೂ ನಡೆದಂತೆ ತೋರುವುದಿಲ್ಲ. ತಪ್ಪಿದರೆ ಮರುಕ್ಷಣವೇ ಗೋಲು. ಮುಂದೆ ಆಡುವವನು ಹತ್ತು ಸಲ ಎಡವಿ ಒಮ್ಮೆ ಗೆದ್ದರೂ ವೀರನೆನಿಸುತ್ತಾನೆ. ಹಿಂದೆ ನಿಂತವನು ಒಮ್ಮೆ ಎಡವಿದರೆ ಅದನ್ನು ಇಡೀ ಊರೇ ಕಾಣುತ್ತದೆ.

ಇಂತಹ ಕೆಲಸಕ್ಕೆ ಯೋಗ್ಯನಾರೆಂಬುದನ್ನು ಹದಿನೆಂಟರ ವಯಸ್ಸಿನಲ್ಲಿಯೇ ತೀರ್ಮಾನಿಸುತ್ತಾರೆ. ಈ ಪಾಠವನ್ನು ಓದುತ್ತಿರುವ ನಿಮಗಿಂತ ಎರಡು ಮೂರು ವರ್ಷಗಳಷ್ಟೇ ದೊಡ್ಡ ವಯಸ್ಸದು! ಅಲ್ಲಿನ ನ್ಯಾಷನಲ್ ಹಾಕಿ ಲೀಗ್ 1963ರಿಂದ ಡ್ರಾಫ್ಟ್ ಎಂಬ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ. ವರ್ಷಕ್ಕೊಮ್ಮೆ ಎಲ್ಲ ತಂಡಗಳೂ ಸರದಿಯ ಪ್ರಕಾರ ತರುಣರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಮೊದಲು ಹೆಸರಿಸಲ್ಪಟ್ಟವನ ಮೇಲೆ ಹೆಚ್ಚು ನಿರೀಕ್ಷೆ, ಹೆಚ್ಚು ಹಣ, ಹೆಚ್ಚು ತಾಳ್ಮೆ. ಕೊನೆಗೆ ಹೆಸರು ಬಂದವನಿಗೆ ಇವೆಲ್ಲವೂ ಕಡಿಮೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ ಅಲ್ಲವೆ?

2012ರ ಜೂನ್ ತಿಂಗಳಿನಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದ ಆಯ್ಕೆಯನ್ನೇ ನೋಡೋಣ. ಮೊದಲ ಹತ್ತು ಮಂದಿಯಲ್ಲಿ ಎಂಟು ಜನ ರಕ್ಷಣಾ ಆಟಗಾರರು! ಅವರಲ್ಲಿ ಮಾರ್ಗನ್ ರೈಲಿ, ಹ್ಯಾಂಪಸ್ ಲಿಂಡ್‌ಹೋಮ್, ಜೇಕಬ್ ಟ್ರೂಬಾ ಮೊದಲಾದವರು ದೀರ್ಘಕಾಲ ಆಡಿ ಹೆಸರು ಗಳಿಸಿದರು. ಆರಿಸಿದವರ ಕಣ್ಣು ಅಷ್ಟರಮಟ್ಟಿಗೆ ಕುರುಡಲ್ಲ. ಆದರೆ ನಾಲ್ಕನೆಯವನಾಗಿ ಆಯ್ಕೆಯಾದ ಗ್ರಿಫಿನ್ ರೈನ್‌ಹಾರ್ಟ್ ಆ ಲೀಗಿನಲ್ಲಿ ಆಡಿದ್ದು ಕೇವಲ 37 ಪಂದ್ಯಗಳು. ಆತ ಎತ್ತರದ ಆಳು. ಕಿರಿಯರ ತಂಡದಲ್ಲಿದ್ದು 2014ರಲ್ಲಿ ಮೆಮೋರಿಯಲ್ ಕಪ್ ಗೆದ್ದವನು. 2015ರಲ್ಲಿ ಎಡ್ಮಂಟನ್ ತಂಡವು ಅವನಿಗಾಗಿ ತನ್ನ ಎರಡು ಆಯ್ಕೆಯ ಹಕ್ಕುಗಳನ್ನು ಬಿಟ್ಟುಕೊಟ್ಟಿತು. ಅವುಗಳಲ್ಲಿ ಒಂದರಿಂದ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡಕ್ಕೆ ಮ್ಯಾಥ್ಯೂ ಬಾರ್ಜಾಲ್ ಎಂಬ ಉತ್ತಮ ಮುಂದಾಟಗಾರ ದೊರೆತನು. ಈ ವ್ಯಾಪಾರದ ಮಾತು ಬಂದಾಗಲೆಲ್ಲ ಜನ ನಗುತ್ತಾರೆ. ಆ ನಗೆಯ ಪಾಲು ಹೆಚ್ಚಾಗಿ ಬೀಳುವುದು ಆ ತರುಣನ ಮೇಲೆ. ತನ್ನ ಬೆಲೆಯನ್ನು ತಾನೇ ಕಟ್ಟಿಕೊಳ್ಳದವನು ಆ ಬೆಲೆಗೆ ತಕ್ಕವನಾಗಲಿಲ್ಲವೆಂದು ನಿಂದೆಗೆ ಗುರಿಯಾಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಅದೇ ದಿನಗಳಲ್ಲಿ, ಅದೇ ಸಭೆಯಲ್ಲಿ, 119 ಹೆಸರುಗಳನ್ನು ಕೂಗಿ ಮುಗಿಸಿದ ಮೇಲೆ, ಕ್ಯಾರೊಲೈನಾ ತಂಡ ಜೇಕಬ್ ಸ್ಲಾವಿನ್ ಎಂಬ ಹುಡುಗನನ್ನು ಆರಿಸಿತು. ಎದುರಾಳಿಯ ಕೋಲಿನಿಂದ ಪಕ್ಕನ್ನು ತಪ್ಪಿಲ್ಲದೆ ಬಿಡಿಸಿಕೊಳ್ಳುವುದರಲ್ಲಿ ಮುಂದೆ ಅವನಿಗೆ ಸಮಾನರಾದವರು ವಿರಳ. ಕಾಯುವವನ ಕೆಲಸ ಒರಟು ಕೆಲಸ. ದಂಡನೆಗೆ ಒಳಗಾಗದೆ ಅದನ್ನು ಮಾಡುವುದು ಬಹು ಕಷ್ಟ. ಆದರೂ ಸಭ್ಯವಾದ ಆಟಕ್ಕೆಂದು ಕೊಡುವ ಲೇಡಿ ಬಿಂಗ್ ಪ್ರಶಸ್ತಿ 2021ರಲ್ಲಿಯೂ 2024ರಲ್ಲಿಯೂ ಅವನಿಗೇ ಸಂದಿತು.

ಪಂಡಿತರು ತಪ್ಪುವುದೇಕೆ? ಕಣ್ಣಿಗೆ ಬೇಗ ಕಾಣುವುದನ್ನು ಅವರು ಮೊದಲು ಅಳೆಯುತ್ತಾರೆ. ಎತ್ತರವನ್ನು ಅಳೆಯಬಹುದು, ಹೊಡೆತದ ಬಿರುಸನ್ನು ಅಳೆಯಬಹುದು, ಗೋಲುಗಳನ್ನು ಎಣಿಸಬಹುದು. ಹುಡುಗರ ನಡುವೆ ಆಡುವಾಗ ಆರು ಅಡಿ ನಾಲ್ಕು ಅಂಗುಲದವನು ತನ್ನ ಮೈಬಲದಿಂದಲೇ ಎಲ್ಲರನ್ನೂ ತಳ್ಳಿಬಿಡುತ್ತಾನೆ. ಪಕ್ ಎಲ್ಲಿ ಹೋಗಲಿದೆ ಎಂಬುದನ್ನು ಮುಂಚಿತವಾಗಿ ಊಹಿಸುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಬಲಿತ ಗಂಡಸರ ನಡುವೆ ಬಂದಾಗ ಎಲ್ಲರೂ ಬಲಶಾಲಿಗಳೇ. ಆಗ ಉಳಿಯುವುದು ಊಹೆಯ ಶಕ್ತಿ. ಅದು ಅವನಲ್ಲಿ ಇದ್ದಿತೋ ಇಲ್ಲವೋ ಎಂಬುದು ಅದುವರೆಗೆ ಅವನಿಗೇ ತಿಳಿದಿರುವುದಿಲ್ಲ!

ಹೀಗೆಂದು ಎತ್ತರ ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಸ್ಲೊವಾಕಿಯದ ಟ್ರೆಂಚಿನ್ ಊರಿನ ಜ್ಡೆನೊ ಚಾರಾನ ಎತ್ತರ ಆರು ಅಡಿ ಒಂಬತ್ತು ಅಂಗುಲ. ಅವನ ತಂದೆ 1976ರ ಒಲಿಂಪಿಕ್ಸ್‌ನಲ್ಲಿ ಸೆಣಸಿದ ಕುಸ್ತಿಪಟು. ಅಷ್ಟು ಎತ್ತರದವನು ಸ್ಕೇಟಿನ ಮೇಲೆ ಚುರುಕಾಗಿ ತಿರುಗುವುದು ಸಾಧ್ಯವೆ ಎಂಬ ಸಂದೇಹ ಬರುವುದು ಸಹಜ. 1996ರಲ್ಲಿ ಅವನು 56ನೆಯವನಾಗಿ ಆಯ್ಕೆಯಾದ. 2001ರಲ್ಲಿ ಅವನ ಮೊದಲ ತಂಡ, ಅಲೆಕ್ಸಿ ಯಾಶಿನ್ ಎಂಬ ಹೆಸರಾಂತ ಆಟಗಾರನನ್ನು ಪಡೆಯಲು ಕೊಟ್ಟ ಬೆಲೆಯಲ್ಲಿ ಚಾರಾನನ್ನೂ ಸೇರಿಸಿ ಕೊಟ್ಟುಬಿಟ್ಟಿತು. ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ಅವನಿಗೆ ಬಂದದ್ದು 2009ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ. 2011ರಲ್ಲಿ ಬಾಸ್ಟನ್ ತಂಡದ ನಾಯಕನಾಗಿ ಅವನು ಸ್ಟಾನ್ಲಿ ಕಪ್ಪನ್ನು ಎತ್ತಿಹಿಡಿದನು.

ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಾಮ್ ದೈತ್ಯನೂ ಅಲ್ಲ, ಅಬ್ಬರದವನೂ ಅಲ್ಲ. 1989ರಲ್ಲಿ ಡೆಟ್ರಾಯಿಟ್ ತಂಡ ಅವನನ್ನು 53ನೆಯವನಾಗಿ ಆರಿಸಿತು. ಆರಿಸಿದೊಡನೆ ಕರೆದು ತಂದು ಅಂಗಳಕ್ಕೆ ತಳ್ಳಲಿಲ್ಲ. ಎರಡು ವರ್ಷ ಅವನು ತನ್ನ ನಾಡಿನಲ್ಲಿಯೇ ಆಡುತ್ತ ಬಲಿತನು. 1991ರಲ್ಲಿ ಬಂದವನು 2012ರವರೆಗೆ ಅದೊಂದೇ ತಂಡಕ್ಕೆ ಆಡಿದನು. ನಾರಿಸ್ ಟ್ರೋಫಿ ಅವನಿಗೆ ಏಳು ಬಾರಿ ದೊರೆತಿತು. ಆ ಏಳರಲ್ಲಿ ಮೊದಲನೆಯದು ಬಂದದ್ದು 2001ರಲ್ಲಿ, ಅಂದರೆ ಅವನು ಬಂದ ಹತ್ತು ವರ್ಷಗಳ ಮೇಲೆ ಎಂಬುದನ್ನು ಮರೆಯಬಾರದು. ಇನ್ನು ಮಾರ್ಕ್ ಜಿಯೊರ್ಡಾನೋ ಎಂಬವನನ್ನು ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸಲೇ ಇಲ್ಲ. ನಡುವೆ ಒಂದು ವರ್ಷ ಮಾಸ್ಕೋದಲ್ಲಿ ಆಡಿ ಹಿಂದಿರುಗಿದ ಆತ 2019ರಲ್ಲಿ ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಅದೇ ಪ್ರಶಸ್ತಿಗೆ ಪಾತ್ರನಾದನು.

ಇದಕ್ಕೆ ಎದುರಾಗಿ ಹೇಳುವವರಿಗೂ ಆಧಾರವಿಲ್ಲದಿಲ್ಲ. ಕೇಲ್ ಮಕಾರ್ 2017ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾಗಿ, 2022ರಲ್ಲಿ ಇನ್ನೂ ಇಪ್ಪತ್ತಮೂರರ ತರುಣನಾಗಿದ್ದಾಗಲೇ ನಾರಿಸ್ ಟ್ರೋಫಿಯನ್ನೂ ಸ್ಟಾನ್ಲಿ ಕಪ್ಪನ್ನೂ ಗೆದ್ದನು. ಬಾಬಿ ಆರ್‌ನ ಮಾತಂತೂ ಬೇರೆಯೇ. ಅವನನ್ನು ಬಾಸ್ಟನ್ನಿನವರು ಗುರುತಿಸಿದ್ದು ಹನ್ನೆರಡನೆಯ ವಯಸ್ಸಿನಲ್ಲಿ. 1970ರಲ್ಲಿ ಅವನು ಮುಂದಾಟಗಾರರನ್ನೆಲ್ಲ ಮೀರಿಸಿ ಲೀಗಿನಲ್ಲಿಯೇ ಅತಿ ಹೆಚ್ಚು ಅಂಕ ಗಳಿಸಿದನು. ಇಂಥವರ ಪಾಲಿಗೆ ಗಾದೆ ನಿಜವಾಯಿತು. ಮತ್ತೊಂದು ಮಾತೂ ಉಂಟು: ತಡವಾಗಿ ಬೆಳಗಿದವರ ಹೆಸರುಗಳನ್ನು ನಾವು ಎಣಿಸುತ್ತೇವೆ; ತಡವಾಗಿಯೂ ಬೆಳಗದೆ ಮರೆಯಾದವರ ಲೆಕ್ಕವನ್ನು ಇಟ್ಟವರು ಕಡಿಮೆ. ತಂಡದ ಒಡೆಯನು ಎಲ್ಲರಿಗಾಗಿಯೂ ಹತ್ತು ವರ್ಷ ಕಾಯಲಾರ. ಇದನ್ನು ನಾನು ಒಪ್ಪುತ್ತೇನೆ. ಒಪ್ಪಿಯೂ ಕೇಳುತ್ತೇನೆ: ಮೂರು ವರ್ಷವಾದರೂ ಕಾಯಬಾರದೆ? ಹತ್ತೊಂಬತ್ತರ ಹುಡುಗನನ್ನು ದೊಡ್ಡ ತಂಡದ ಬೆಂಚಿನ ಮೇಲೆ ಕೂರಿಸಿ, ರಾತ್ರಿಗೆ ಎಂಟು ನಿಮಿಷ ಆಡಿಸಿ, ಮೊದಲ ತಪ್ಪಿಗೇ ಮತ್ತೆ ಕೂರಿಸುವುದಕ್ಕಿಂತ ಕೆಳಗಿನ ಲೀಗಿನಲ್ಲಿ ಇಪ್ಪತ್ತೆರಡು ನಿಮಿಷ ಆಡಗೊಡುವುದು ಮೇಲು. ತಪ್ಪು ಮಾಡಲು ಅವಕಾಶವಿರುವ ಕಡೆಯಲ್ಲಿ ಮಾತ್ರ ಊಹೆಯ ಶಕ್ತಿ ಹರಿತವಾಗುತ್ತದೆ.

ಈಚೆಗೆ ಅಂಕಿಅಂಶಗಳನ್ನು ಹಿಡಿದು ತೀರ್ಪು ಕೊಡುವವರು ಹೆಚ್ಚಿದ್ದಾರೆ. ಹುಡುಗನು ಅಂಗಳದಲ್ಲಿದ್ದಾಗ ಎರಡೂ ಕಡೆಗಳಿಂದ ಎಷ್ಟು ಹೊಡೆತಗಳು ಬಿದ್ದವೆಂಬುದನ್ನು ಅವರು ಎಣಿಸುತ್ತಾರೆ. ಬರಿಯ ಗೋಲುಗಳನ್ನು ಎಣಿಸುವುದಕ್ಕಿಂತ ಇದು ಉತ್ತಮವೇ. ಆದರೆ ಅವನ ಜೊತೆಗಾರನು ಎಂಥವನು, ತರಬೇತುದಾರ ಅವನನ್ನು ಯಾರ ಎದುರು ಇಳಿಸುತ್ತಿದ್ದಾನೆ ಎಂಬುದನ್ನು ತಿಳಿಯದೆ ಈ ಲೆಕ್ಕವನ್ನು ಓದಿದರೆ, ಒಳ್ಳೆಯ ಜೊತೆಗಾರನ ನೆರಳಿನಲ್ಲಿ ನಿಂತವನು ಎತ್ತರವಾಗಿಯೂ, ಒಬ್ಬನೇ ಹೊರೆ ಹೊತ್ತವನು ಕುಳ್ಳಾಗಿಯೂ ಕಾಣಿಸುತ್ತಾರೆ.

ನನಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೂ ಇಂತಹ ತರುಣನೊಬ್ಬನ ಆಟವನ್ನು ನೋಡುವಾಗ ನಾನು ಗೋಲು ಹೊಡೆದ ಗಳಿಗೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಎರಡನೆಯ ಅವಧಿಯ ನಡುವೆ, ಮೂಲೆಯಿಂದ ಅವನು ಕೊಟ್ಟ ಪಕ್ ನೇರವಾಗಿ ಎದುರಾಳಿಯ ಕೋಲಿಗೆ ಹೋಗಿ ಗೋಲಾಯಿತೆನ್ನಿ. ಸಾವಿರಾರು ಜನ ಒಮ್ಮೆಗೇ ನಿಟ್ಟುಸಿರಿಡುತ್ತಾರೆ. ಹುಡುಗ ತಲೆ ತಗ್ಗಿಸಿ ಬೆಂಚಿಗೆ ಬಂದು ಕೂರುತ್ತಾನೆ. ಅವನ ಜೋಡಿಯ ಸರದಿ ಬಂದಾಗ ತರಬೇತುದಾರ ಅವನ ಹೆಗಲು ತಟ್ಟಿ ಕಳುಹಿಸುತ್ತಾನೆಯೆ, ಬೇರೊಬ್ಬನ ಹೆಸರು ಕೂಗುತ್ತಾನೆಯೆ? ಕಳುಹಿಸಿದರೆ, ಪಕ್ ಮತ್ತೆ ಅದೇ ಮೂಲೆಗೆ ಉರುಳಿದಾಗ, ಬೆನ್ನ ಹಿಂದೆ ಸ್ಕೇಟಿನ ಸದ್ದು ಸಮೀಪಿಸುತ್ತಿರುವಾಗ, ಆತ ದಿಗಿಲುಬಿದ್ದು ಅದನ್ನು ಗೋಡೆಗೆ ಬಡಿದು ಕೈತೊಳೆದುಕೊಳ್ಳುವನೋ, ಇಲ್ಲವೆ ಇನ್ನೊಮ್ಮೆ ಹೆಗಲ ಮೇಲಿಂದ ಹಿಂದಿರುಗಿ ನೋಡುವನೋ? ನಾನು ಕಾದು ನೋಡುವುದು ಅದನ್ನು.