ಅವ್ವ ತಾನೇ ನೋಡಿ ಬಂದಳು

ವಿನೋಬನಗರದ ನಮ್ಮ ಬೀದಿಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ಮಗ ಅವ್ವನ್ನ ಆಶ್ರಮಕ್ಕೆ ಹಾಕಿದ.’ ಮಕ್ಕಳನ್ನು ಶಾಲೆಗೆ ಸೇರಿಸುತ್ತೇವೆ, ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸುತ್ತೇವೆ. ವಯಸ್ಸಾದವರನ್ನು ಮಾತ್ರ ಆಶ್ರಮಕ್ಕೆ ‘ಹಾಕುತ್ತೇವೆ’. ಏಳನೇ ತರಗತಿಯ ನನ್ನ ಮೊಮ್ಮಗಳು ಇದನ್ನು ಗಮನಿಸಿ, “ಅಜ್ಜ, ಗೋದಾಮಿಗೆ ಚೀಲ ಹಾಕ್ತಾರಲ್ಲ, ಹಂಗಾ?” ಎಂದಳು. ಈ ಬೇಸಿಗೆ ರಜೆಯಲ್ಲಿ ನಾವು ಅಂಥ ಮೂರು ಜಾಗ ನೋಡಿದೆವು. ಅದನ್ನೇ ಈ ವಾರ ಹೇಳುತ್ತೇನೆ.

ನನ್ನ ಅವ್ವನಿಗೆ 94 ವರ್ಷ. ನನಗೆ 75. ನನ್ನಾಕೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ಮಗ, ಸೊಸೆ ಇಬ್ಬರೂ ಕೆಲಸದ ಮೇಲೆ ವಾರವೆಲ್ಲ ಊರೂರು ತಿರುಗುವವರು. ಹಗಲು ಸಹಾಯಕ್ಕೆ ಒಬ್ಬ ಹೆಣ್ಣುಮಗಳು ಬರುತ್ತಾಳೆ, ರಾತ್ರಿ ಉಳಿಯುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಅವ್ವ ರಾತ್ರಿ ಬಚ್ಚಲ ಬಾಗಿಲಲ್ಲಿ ಬಿದ್ದಳು. ನಾವಿಬ್ಬರು ಸೇರಿದರೂ ಎತ್ತಲಾಗಲಿಲ್ಲ, ಪಕ್ಕದ ಮನೆಯ ಕಾಲೇಜು ಹುಡುಗ ಬಂದು ಎತ್ತಿದ. ಮೂಳೆ ಮುರಿಯಲಿಲ್ಲ, ಪುಣ್ಯ. ಮುದುಕರನ್ನು ಮುದುಕರೇ ನೋಡಿಕೊಳ್ಳುವ ಮನೆ ನಮ್ಮದು.

ಬೆಂಗಳೂರಿನ ತಮ್ಮ ಫೋನು ಮಾಡಿ, ಒಂದು ಒಳ್ಳೆಯ ಜಾಗ ಗೊತ್ತುಮಾಡಿದ್ದೇನೆ, ಠೇವಣಿ ಕಟ್ಟಿಬಿಡೋಣ ಎಂದ. ಅವ್ವ ಪಕ್ಕದಲ್ಲೇ ಕೂತಿದ್ದಳು. “ಎಮ್ಮಿ ಕೊಳ್ಳಾಕ ಹೋದ್ರೂ ಹಲ್ಲು ನೋಡ್ತೀರಿ. ನಾನಿರೋ ಜಾಗ ನಾನು ನೋಡಬ್ಯಾಡೇನು?” ಎಂದಳು. ತಮ್ಮ ಸುಮ್ಮನಾದ.

ಅಷ್ಟು ದೂರದ ಪ್ರಯಾಣ ಅವ್ವನಿಗೆ ಆಗದು. ಹಾಗಾಗಿ ಅದನ್ನು ನೋಡಲು ನಾನೇ ವಂದೇ ಭಾರತ್ ರೈಲಿನಲ್ಲಿ ಹೋಗಿ ಬಂದೆ. ತೋಟ, ಲಿಫ್ಟು, ಫಿಸಿಯೋಥೆರಪಿ ಎಲ್ಲ ಇದ್ದವು. ಸ್ವಚ್ಛತೆಯಲ್ಲಿ ಬೆರಳು ತೋರಿಸುವ ಹಾಗಿಲ್ಲ. ಅವ್ವ ಎಲ್ಲ ಕೇಳಿಸಿಕೊಂಡು, “ಊಟಕ್ಕ ಕೂತಾಗ ಯಾವ ಮಾತು ಆಡ್ತಾರ?” ಎಂದಳು. ಹೆಚ್ಚಿನವರು ಇಂಗ್ಲಿಷ್, ಹಿಂದಿ ಎಂದೆ. “ಉಂಡು ಮೂಕಿ ಹಂಗ ಕೂರಾಕ ಅಷ್ಟು ದೂರ ಯಾಕ?” ಅಲ್ಲಿಗೆ ಅದು ಮುಗಿಯಿತು.

ಅಲ್ಲಿಂದ ತಂದಿದ್ದ ಕರಾರುಪತ್ರವನ್ನು ನಾನು ಆದರೂ ಓದಿದೆ. ವೋಚರ್ ನೋಡಿ ನೋಡಿ ಬಂದ ಚಟ ಇದು. ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ನಿವಾಸಿ ಸ್ವಂತವಾಗಿ ಓಡಾಡಲಾಗದ ಸ್ಥಿತಿಗೆ ಬಂದರೆ ಕುಟುಂಬದವರು 30 ದಿನದೊಳಗೆ ಕರೆದುಕೊಂಡು ಹೋಗಬೇಕು. ಯಾವ ದಿನಕ್ಕೆಂದು ಜಾಗ ಹುಡುಕುತ್ತೇವೋ ಆ ದಿನವೇ ಅವರು ಬಾಗಿಲು ತೋರಿಸುತ್ತಾರೆ! ಅಜ್ಜ ಅಜ್ಜಿಯರೇ, ಈ ಒಂದು ಸಾಲು ಇದೆಯೇ ಎಂದು ಮೊದಲು ಹುಡುಕಿ. ಠೇವಣಿ ಎಷ್ಟು ದಿನದಲ್ಲಿ ವಾಪಸು, ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಆಸ್ಪತ್ರೆಯಲ್ಲಿ ಮಲಗಿದ ತಿಂಗಳಿಗೂ ಪೂರ್ತಿ ಹಣವೇ ಎಂದು ಬರಹದಲ್ಲಿ ಕೇಳಿ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇಂಥ ಜಾಗಕ್ಕೆ ಕೊಟ್ಟ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. ಪಿಂಚಣಿ ಇರುವವರು ಇನ್ನೊಂದು ವಿಷಯ ಕೇಳಬೇಕು: ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಯಾರು ನೆರವಾಗುತ್ತಾರೆ?

ಎರಡನೆಯದು ನಮ್ಮ ಊರಿನಲ್ಲೇ ಇತ್ತು. ನೆಲ ಫಳಫಳ. ರಾತ್ರಿ ಎಂಟಕ್ಕೆ ಕೋಣೆಗಳಿಗೆ ಹೊರಗಿನಿಂದ ಚಿಲಕ, ‘ಸುರಕ್ಷತೆಗಾಗಿ’ ಎಂದರು. ಅವ್ವ ಒಳಗೆ ಕಾಲಿಡದೆ ಕಾರಿಗೆ ವಾಪಸಾದಳು.

ಮೂರನೆಯದು ಹರಿಹರದ ರಸ್ತೆಯಲ್ಲಿ. ಫೋನು ಮಾಡದೆ ಸಂಜೆ ನಾಲ್ಕಕ್ಕೆ ಹೋದೆವು, ಇನ್ನೊಂದು ದಿನ ರಾತ್ರಿ ಎಂಟಕ್ಕೆ ನಾನೂ ಮೊಮ್ಮಗಳೂ ಹೋದೆವು. ಕಟ್ಟಡ ಹಳೆಯದು, ಗೋಡೆಯ ಸುಣ್ಣ ಉದುರಿತ್ತು. ಅವ್ವ ಮಂಚದ ಮೇಲೆ ಕೂತು ಪಾದ ನೆಲಕ್ಕೆ ಮುಟ್ಟುತ್ತದೆಯೇ ನೋಡಿದಳು. ಬಚ್ಚಲಿನ ಹಿಡಿಕೆಯನ್ನು ಜಗ್ಗಿ ನೋಡಿದಳು. ಜೋಳದ ರೊಟ್ಟಿ ಮುರಿದು, “ಹಿಟ್ಟು ಹಳೇದು” ಎಂದು ಅಡುಗೆಯವಳಿಗೇ ಹೇಳಿದಳು. ಆಕೆ ನಕ್ಕು ಒಪ್ಪಿಕೊಂಡಳು. ಆಮೇಲೆ ಅಲ್ಲಿದ್ದ ಮೂವರು ಹೆಂಗಸರ ಜೊತೆ ಅಡಿಕೆ ಎಲೆ ಹಾಕುತ್ತ ಒಂದು ತಾಸು ಕೂತಳು. ನಮ್ಮನ್ನು ದೂರ ಕಳಿಸಿದಳು.

ಮೊಮ್ಮಗಳ ಕೆಲಸ ಲೆಕ್ಕ. 22 ಹಿರಿಯರು, ರಾತ್ರಿಗೆ ಇಬ್ಬರು ಸಹಾಯಕಿಯರು. ಅವರ ಅಪ್ಪಣೆ ಪಡೆದು ಕೋಣೆಯ ಗಂಟೆ ಒತ್ತಿ ಗಡಿಯಾರ ನೋಡಿದಳು. ಒಬ್ಬಾಕೆ ಬರಲು ಒಂದೂವರೆ ನಿಮಿಷ ಆಯಿತು. “ನಾನು ಇಲ್ಲಿ ಒಂದು ರಾತ್ರಿ ಮುತ್ತಜ್ಜಿ ಜೊತೆ ಮಲಗಬಹುದಾ?” ಎಂದೂ ಕೇಳಿದಳು. ಮಲಗಬಹುದಂತೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಹಣವೇ ಇಲ್ಲದವರ ಗತಿ ಏನು ಎಂದು ಕೆಲವರು ಕೇಳುತ್ತಾರೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕಾಯ್ದೆ ಬಂತು. ಅದರ 19ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಹಂತಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸಬಹುದು. ‘ಬಹುದು’ ಎಂದಿದೆ, ‘ಬೇಕು’ ಎಂದಿಲ್ಲ. ನನಗೆ ಆ ಒಂದು ಅಕ್ಷರದ ಮೇಲೆ ಸಿಟ್ಟಿದೆ. ಯಾವ ಹಿರಿಯರಿಗೇ ಆಗಲಿ ಮಾಹಿತಿ, ನೆರವು ಬೇಕಿದ್ದರೆ 14567ಕ್ಕೆ ಕರೆ ಮಾಡಬಹುದು. ಮಕ್ಕಳೇ, ಈ ಸಂಖ್ಯೆಯನ್ನು ಅಜ್ಜಿಯ ಫೋನಿನಲ್ಲಿ ನೀವೇ ಹಾಕಿಕೊಡಿ.

ಅವ್ವ ಹರಿಹರದ ರಸ್ತೆಯದನ್ನೇ ಒಪ್ಪಿದಳು. ಒಂದು ತಿಂಗಳು ಇದ್ದು ನೋಡುವುದು, ಸರಿಬರದಿದ್ದರೆ ಮನೆ, ತನ್ನ ಕೋಣೆಯನ್ನು ಯಾರಿಗೂ ಕೊಡಬಾರದು ಎಂಬುದು ಅವಳ ಷರತ್ತು. ಈಗ ಹನ್ನೆರಡು ದಿನವಾಗಿದೆ. ಸಾರಿಗೆ ಉಪ್ಪು ಕಡಿಮೆ ಎಂಬ ದೂರಿದೆ. ಮೊದಲ ಮೂರು ರಾತ್ರಿ ನಿದ್ದೆ ಬರಲಿಲ್ಲವಂತೆ. ನನಗೂ ಬರಲಿಲ್ಲ. ಬುಧವಾರ ನಾನು, ಭಾನುವಾರ ಎಲ್ಲರೂ ಹೋಗುತ್ತೇವೆ. ರೇಡಿಯೋದಲ್ಲಿ ಭದ್ರಾವತಿ ಸರಿಯಾಗಿ ಹಿಡಿಯುತ್ತಿಲ್ಲ, ಈ ಸಲ ತಂತಿ ಒಯ್ಯಬೇಕು. ನಾನು ಕಟ್ಟಿರುವುದು ಒಂದು ತಿಂಗಳ ಹಣ ಮಾತ್ರ. ಅದರ ರಸೀದಿಯನ್ನು ಅವ್ವ ಕೇಳಿ ಇಸಕೊಂಡು ತನ್ನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.